ಅಂಟು ಎನಿಸಿಕೊಂಡ ಕೋಶಗಳು ಮತ್ತು ವಿಜ್ಞಾನಿ ಕಹಾಲ್



ಬಿರುಬೇಸಿಗೆಯಲ್ಲಿ ನಾಲ್ಕಾರು ಗಂಟೆ ನೀರು ಕುಡಿಯದೆ ಓಡಾಡಿದ ದಿನ ಮೂತ್ರ ಕಡಿಮೆಯಾಗಿ ಅದರ ಬಣ್ಣ ಗಾಢವಾಗುವುದನ್ನು ನೀವು ಗಮನಿಸಿರುತ್ತೀರಿ. ಶರೀರ ತನ್ನ ನೀರನ್ನು ಉಳಿಸಿಕೊಳ್ಳುವ ರೀತಿ ಅದು. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದು ರಕ್ತಕ್ಕೇ ಹಿಂದಿರುಗುತ್ತದೆ. ಕೊನೆಯ ಹಂತದಲ್ಲಿ ಎಷ್ಟು ನೀರನ್ನು ಹಿಂದಕ್ಕೆ ಪಡೆಯಬೇಕು ಎಂಬ ಆಜ್ಞೆ ಮಿದುಳಿನಿಂದ ಬರುತ್ತದೆ. ಆ ಆಜ್ಞೆಯನ್ನು ಹೊತ್ತು ತರುವ ಹಾರ್ಮೋನಿನ ಹೆಸರು ವಾಸೊಪ್ರೆಸಿನ್.

ಇಷ್ಟನ್ನು ನೀವು ಪಿಯುಸಿ ಜೀವಶಾಸ್ತ್ರದಲ್ಲಿ ಓದಿರಬಹುದು. ಆದರೆ ಈ ಹಾರ್ಮೋನು ಎಷ್ಟು ಬಿಡುಗಡೆಯಾಗಬೇಕು ಎಂಬುದನ್ನು ನರಕೋಶಗಳು ಒಂಟಿಯಾಗಿ ತೀರ್ಮಾನಿಸುವುದಿಲ್ಲ. ಅವುಗಳ ಸುತ್ತ ಹಬ್ಬಿಕೊಂಡಿರುವ ಗ್ಲಿಯಾ ಕೋಶಗಳೂ ಅದರಲ್ಲಿ ಕೈಹಾಕುತ್ತವೆ. ಗ್ಲಿಯಾ ಎಂಬ ಗ್ರೀಕ್ ಪದಕ್ಕೆ ಅಂಟು ಎಂದರ್ಥ. ಜರ್ಮನಿಯ ರುಡಾಲ್ಫ್ ವಿರ್ಕೋ 1850ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ನರಕೋಶಗಳನ್ನು ಒಟ್ಟಿಗೆ ಹಿಡಿದಿಡುವ ಗೋಂದಿನಂಥ ವಸ್ತು ಇದು ಎಂದು ಅವರು ತಿಳಿದಿದ್ದರು. ಹೆಸರು ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ ನೋಡಿ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ವಿಜ್ಞಾನಿಗಳು ಈ ಕೋಶಗಳನ್ನು ಗೋಂದಾಗಿಯೇ ಕಂಡರು.

ಹಾಗೆ ಕಾಣದ ಒಬ್ಬರಿದ್ದರು. ಅವರೇ ಸ್ಪೇನಿನ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್. ಇಂಗ್ಲಿಷ್ ಪುಸ್ತಕಗಳಲ್ಲಿ ಅವರ ಹೆಸರನ್ನು ಕಂಡು ನಮ್ಮಲ್ಲಿ ಹಲವರು ಕಜಾಲ್ ಎನ್ನುತ್ತಾರೆ. ಸ್ಪ್ಯಾನಿಷ್ ಉಚ್ಚಾರಣೆಯಲ್ಲಿ ಅದು ಕಹಾಲ್. ನರಕೋಶಗಳು ಬಿಡಿಬಿಡಿ ಘಟಕಗಳು ಎಂದು ತೋರಿಸಿದ ಮಹಾಪುರುಷರೆಂದೇ ಅವರ ಖ್ಯಾತಿ. ಅದು ಸರಿಯೇ. ಆದರೆ ಈ ಲೇಖನದಲ್ಲಿ ಅವರ ಜೀವನದ ಜೊತೆಗೆ ಅವರ ಇನ್ನೊಂದು ಕೆಲಸದ ಕಡೆಗೂ ನಿಮ್ಮ ಗಮನ ಸೆಳೆಯಬೇಕೆಂದಿದ್ದೇನೆ.

1852ರ ಮೇ 1ರಂದು ಪೆಟಿಲ್ಲಾ ಡಿ ಅರಗಾನ್ ಎಂಬ ಬೆಟ್ಟದ ಹಳ್ಳಿಯಲ್ಲಿ ಕಹಾಲ್ ಜನಿಸಿದರು. ತಂದೆ ಜಸ್ಟೊ ರಾಮೋನ್ ಬಡತನದಲ್ಲಿ ಬೆಳೆದು, ಹಳ್ಳಿಯ ಶಸ್ತ್ರವೈದ್ಯರ ಕೈಕೆಳಗೆ ದುಡಿಯುತ್ತಲೇ ಓದಿ ಮೇಲೆ ಬಂದವರು. ಕೊನೆಗೆ ಸಾರಗೋಸಾ ನಗರದಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಮಟ್ಟಕ್ಕೆ ಏರಿದರು. ಇಂಥ ತಂದೆಗೆ ಮಗ ವೈದ್ಯನಾಗಲೇಬೇಕೆಂಬ ಹಟ. ಮಗನಿಗೋ ಚಿತ್ರಕಲೆಯ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು ಎಲ್ಲೆಂದರಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗನ ಯೋಗ್ಯತೆ ತಿಳಿಯಲು ತಂದೆ ಊರಿಗೆ ಬಂದಿದ್ದ ಒಬ್ಬ ಗಾರೆ ಕೆಲಸಗಾರನಿಗೆ ಆ ಚಿತ್ರಗಳನ್ನು ತೋರಿಸಿದರು. ಹುಡುಗನಿಗೆ ಕಲೆ ಒಲಿದಿಲ್ಲ ಎಂದು ಆತ ತೀರ್ಪು ಕೊಟ್ಟುಬಿಟ್ಟ! ಅಲ್ಲಿಗೆ ಬಣ್ಣ, ಕಾಗದ ಎಲ್ಲ ಬಂದ್.

ಶಾಲೆಯಲ್ಲಿ ಏಟು, ಉಪವಾಸದ ಶಿಕ್ಷೆ, ಕೋಣೆಯಲ್ಲಿ ಕೂಡಿಹಾಕುವುದು ಇವೆಲ್ಲ ಆ ಹುಡುಗನ ಪಾಲಿಗೆ ಮಾಮೂಲಿಯಾಗಿದ್ದವು. ಮನೆಯಲ್ಲೇ ಮಾಡಿದ ಮರದ ಫಿರಂಗಿ ಹಾರಿಸಿ ನೆರೆಮನೆಯ ತೋಟದ ಹೊಸ ಗೇಟನ್ನು ಮುರಿದದ್ದಕ್ಕೆ ಹನ್ನೊಂದರ ಹರೆಯದಲ್ಲೇ ಊರಿನ ಬಂದೀಖಾನೆಯಲ್ಲಿ ಕೆಲವು ದಿನ ಕಳೆದದ್ದೂ ಉಂಟು. ಓದಿನಲ್ಲಿ ಹಿಂದೆ ಬಿದ್ದಾಗ ತಂದೆ ಮಗನನ್ನು ಕ್ಷೌರಿಕನ ಬಳಿ, ಆಮೇಲೆ ಚಮ್ಮಾರನ ಬಳಿ ಕೆಲಸಕ್ಕೆ ಹಚ್ಚಿದರು. ಕೊನೆಗೆ ದಾರಿ ಸಿಕ್ಕಿದ್ದು 1868ರ ಬೇಸಿಗೆಯಲ್ಲಿ. ತಂದೆ ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ಸಿಕ್ಕ ಮೂಳೆಗಳನ್ನು ತೋರಿಸಿ ಚಿತ್ರ ಬರೆಯಲು ಹೇಳಿದರು. ಚಿತ್ರ ಬೇಕೆಂದ ಮಗ, ವೈದ್ಯಶಾಸ್ತ್ರ ಬೇಕೆಂದ ತಂದೆ ಇಬ್ಬರೂ ಮೂಳೆಯ ಮುಂದೆ ರಾಜಿಯಾದರು. ಕಹಾಲ್ ಜೀವಮಾನದಲ್ಲಿ ಬರೆದ ಸಾವಿರಾರು ನರಮಂಡಲದ ಚಿತ್ರಗಳ ಬೇರು ಇಲ್ಲಿದೆ.

1873ರಲ್ಲಿ ವೈದ್ಯ ಪದವಿ ಪಡೆದ ಕಹಾಲ್ ಸೇನೆಗೆ ಸೇರಿ 1874ರಲ್ಲಿ ಕ್ಯೂಬಾಕ್ಕೆ ಹೋದರು. ಅಲ್ಲಿ ಮಲೇರಿಯಾ ಮತ್ತು ಆಮಶಂಕೆ ಅವರನ್ನು ಹಣ್ಣುಮಾಡಿದವು. ಮರುವರ್ಷ ಎಲುಬಿನ ಹಂದರವಾಗಿ ಮರಳಿ ಬಂದರು. ಬಾಕಿ ಸಂಬಳದಲ್ಲಿ ಕೈಗೆ ಬಂದಷ್ಟರಲ್ಲಿ ಉಳಿಸಿದ ಹಣದಿಂದ ಸೂಕ್ಷ್ಮದರ್ಶಕ ಕೊಂಡು, ಮನೆಯ ಒಂದು ಮೂಲೆಯಲ್ಲಿ ಪ್ರಯೋಗಾಲಯ ತೆರೆದರು. 1878ರಲ್ಲಿ ಕ್ಷಯರೋಗ ಬಂತು. ಅದರಿಂದಲೂ ಚೇತರಿಸಿಕೊಂಡರು. 1879ರಲ್ಲಿ ಸಿಲ್ವೇರಿಯಾ ಫಾನ್ಯಾನಾಸ್ ಅವರನ್ನು ಮದುವೆಯಾದರು. ಸಣ್ಣ ಸಂಬಳದಲ್ಲಿ ಏಳು ಮಕ್ಕಳ ಸಂಸಾರ ನಡೆಸುತ್ತ, ಗಂಡನ ರಾಸಾಯನಿಕಗಳ ಖರ್ಚನ್ನೂ ತೂಗಿಸಿದ ಆ ಮಹಿಳೆಯ ಬಗ್ಗೆ ಜೀವನಚರಿತ್ರೆಗಳು ಇನ್ನಷ್ಟು ಬರೆಯಬೇಕಿತ್ತು ಎಂದು ನನಗನ್ನಿಸುತ್ತದೆ.

1885ರ ಕಾಲರಾ ಪಿಡುಗಿನ ಸಮಯದಲ್ಲಿ ಮಾಡಿದ ಸಂಶೋಧನೆಗೆ ಮೆಚ್ಚುಗೆಯಾಗಿ ಸಾರಗೋಸಾ ಪ್ರಾಂತ್ಯದ ಆಡಳಿತ ಅವರಿಗೆ ಒಂದು ಉತ್ತಮ ಝೈಸ್ ಸೂಕ್ಷ್ಮದರ್ಶಕವನ್ನು ಕೊಟ್ಟಿತು. ಎರಡು ವರ್ಷದ ನಂತರ, 1887ರಲ್ಲಿ, ಮ್ಯಾಡ್ರಿಡ್‌ನಲ್ಲಿ ಮನೋವೈದ್ಯ ಲೂಯಿಸ್ ಸಿಮಾರೊ ಅವರ ಮನೆಯಲ್ಲಿ ಕಹಾಲ್ ಒಂದು ಗಾಜಿನ ಸ್ಲೈಡ್ ನೋಡಿದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದಿದ್ದ ವಿಧಾನದಿಂದ ಸಿದ್ಧಪಡಿಸಿದ್ದು ಅದು. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸುವ ಈ ವಿಧಾನದಲ್ಲಿ ನೂರಾರು ಕೋಶಗಳ ಪೈಕಿ ಕೆಲವೇ ಕೆಲವು ಕಪ್ಪಾಗುತ್ತವೆ. ಆದರೆ ಕಪ್ಪಾದ ಕೋಶ ತನ್ನ ಕೊಂಬೆ ರೆಂಬೆಗಳ ಸಮೇತ ಹಳದಿ ಹಿನ್ನೆಲೆಯಲ್ಲಿ ಎದ್ದು ನಿಲ್ಲುತ್ತದೆ. ಹದಿನಾಲ್ಕು ವರ್ಷ ಹೆಚ್ಚಿನವರು ಕಡೆಗಣಿಸಿದ್ದ ಈ ವಿಧಾನವನ್ನು ಕಹಾಲ್ ಬಾರ್ಸಿಲೋನಾಕ್ಕೆ ಒಯ್ದು ತಿದ್ದಿದರು. ಬಣ್ಣ ಹಿಡಿಸುವ ಕ್ರಮವನ್ನು ಎರಡು ಬಾರಿ ಮಾಡಿದರು. ಬಲಿತ ಮಿದುಳಿನ ಬದಲು ಭ್ರೂಣ ಮತ್ತು ಎಳೆಯ ಪ್ರಾಣಿಗಳ ಮಿದುಳನ್ನು ಆರಿಸಿಕೊಂಡರು. ಆ ದಿನಗಳಲ್ಲಿ ಅವರಿಗೆ ಚದುರಂಗದ ಚಟ ಹತ್ತಿತ್ತು, ಅದನ್ನೂ ಕಷ್ಟಪಟ್ಟು ಬಿಟ್ಟರು.

1888ರಲ್ಲಿ ಹಕ್ಕಿಯ ಕಿರುಮಿದುಳನ್ನು ನೋಡುತ್ತ, ಒಂದು ನರಕೋಶದ ತಂತು ಇನ್ನೊಂದರ ಜೊತೆ ಬೆಸೆದುಕೊಳ್ಳದೆ ಅದನ್ನು ಮುಟ್ಟುವಂತೆ ಬಂದು ಮುಗಿಯುತ್ತದೆ ಎಂದು ಅವರು ಕಂಡುಕೊಂಡರು. ಇದನ್ನು ಪ್ರಕಟಿಸುವುದೆಲ್ಲಿ? ತಮ್ಮದೇ ಖರ್ಚಿನಲ್ಲಿ ಒಂದು ಪತ್ರಿಕೆ ಹೊರಡಿಸಿದರು. ಮೊದಲ ಸಂಚಿಕೆಯ ಪ್ರತಿಗಳು ಕೇವಲ 60. ಬಹುಪಾಲು ಪ್ರತಿಗಳನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು. ಉತ್ತರ ಬರಲಿಲ್ಲ, ಏಕೆಂದರೆ ಅದು ಸ್ಪ್ಯಾನಿಷ್ ಭಾಷೆಯಲ್ಲಿತ್ತು. ಅಂದಿನ ವಿಜ್ಞಾನದ ಭಾಷೆಗಳು ಜರ್ಮನ್ ಮತ್ತು ಫ್ರೆಂಚ್. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ನಿಮ್ಮಲ್ಲಿ ಹಲವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕಹಾಲ್ ಲೇಖನಗಳನ್ನು ಫ್ರೆಂಚಿಗೆ ಅನುವಾದಿಸಿದರು. 1889ರ ಅಕ್ಟೋಬರ್‌ನಲ್ಲಿ ತಮ್ಮ ಉಳಿತಾಯದ ಹಣದಲ್ಲಿ ಸ್ಲೈಡುಗಳನ್ನು ಕಟ್ಟಿಕೊಂಡು ಬರ್ಲಿನ್‌ನ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋದರು. ಹರಕುಮುರುಕು ಫ್ರೆಂಚಿನಲ್ಲಿ ವಿವರಿಸುತ್ತ ಒಬ್ಬೊಬ್ಬರನ್ನೇ ಸೂಕ್ಷ್ಮದರ್ಶಕದ ಬಳಿ ಕರೆತಂದರು. ಅಂದಿನ ದಿಗ್ಗಜ, ಎಪ್ಪತ್ತು ದಾಟಿದ ಆಲ್ಬರ್ಟ್ ಫಾನ್ ಕೊಲ್ಲಿಕರ್ ನೋಡಿ ಬೆರಗಾದರು. ಮುಂದೆ ಕಹಾಲರ ಬರಹ ಓದಲೆಂದೇ ಅವರು ಸ್ಪ್ಯಾನಿಷ್ ಕಲಿತರೆಂದು ಹೇಳುತ್ತಾರೆ.

ಓದುಗರೇ, ಇಲ್ಲಿಂದ ಮುಂದೆ ನಿಮ್ಮ ಗಮನ 1894 ಮತ್ತು 1895ನೇ ಇಸವಿಗಳ ಮೇಲಿರಲಿ.

1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಹಾಲರನ್ನು ಪ್ರತಿಷ್ಠಿತ ಕ್ರೂನಿಯನ್ ಉಪನ್ಯಾಸಕ್ಕೆ ಕರೆಯಿತು. ಅದೇ ವರ್ಷ, ಯಾವ ಗದ್ದಲವೂ ಇಲ್ಲದೆ, ಅವರು ಸ್ಪೇನಿನ ಒಂದು ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು. ಎರಡು ಕಣ್ಣುಗಳಿಂದ ಬರುವ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗದ ಬಳಿ ನರಕೋಶಗಳ ಒಂದು ಗುಂಪಿದೆ, ಅಲ್ಲಿಂದ ಹೊರಟ ತಂತುಗಳು ಕೆಳಗಿಳಿದು ಪಿಟ್ಯುಟರಿ ಗ್ರಂಥಿಯ ಹಿಂಭಾಗವನ್ನು ಸೇರುತ್ತವೆ ಎಂಬುದೇ ಆ ಸಂಗತಿ. ನಮ್ಮ ಶರೀರದ ನೀರಿನ ಲೆಕ್ಕ ಇಳಿದುಬರುವ ದಾರಿ ಇದೇ. ಆದರೆ ಅದು ಅವರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಹಾರ್ಮೋನು ಎಂಬ ಪದ ಹುಟ್ಟಿದ್ದೇ 1905ರಲ್ಲಿ. ಪಿಟ್ಯುಟರಿಯ ಹಿಂಭಾಗದ ಸಾರ ಮೂತ್ರವನ್ನು ಕಡಿಮೆ ಮಾಡುತ್ತದೆ ಎಂದು ಇಟಲಿ ಮತ್ತು ಜರ್ಮನಿಯ ವೈದ್ಯರು ಕಂಡುಕೊಂಡದ್ದು 1913ರಲ್ಲಿ.

ಮರುವರ್ಷ, 1895ರಲ್ಲಿ, ಗ್ಲಿಯಾ ಕೋಶಗಳ ಬಗ್ಗೆ ಅವರು ಒಂದು ಊಹೆ ಮುಂದಿಟ್ಟರು. ಗ್ಲಿಯಾ ಬರೀ ಅಂಟು ಅಲ್ಲ, ಒಂದು ನರತಂತುವಿನ ಪ್ರವಾಹ ಇನ್ನೊಂದಕ್ಕೆ ಸೋರದಂತೆ ತಡೆಯುವ ಹೊದಿಕೆ ಎಂದು ಅವರ ತಮ್ಮ, ಸ್ವತಃ ವೈದ್ಯರಾಗಿದ್ದ ಪೆಡ್ರೊ, ಸೂಚಿಸಿದ್ದರು. ಅಣ್ಣ ಅದನ್ನು ಒಂದು ಹೆಜ್ಜೆ ಮುಂದೊಯ್ದರು. ಈ ಹೊದಿಕೆ ಕದಲುತ್ತದೆ. ನಕ್ಷತ್ರದಂತೆ ಕವಲೊಡೆದ ಗ್ಲಿಯಾ ಕೋಶಗಳು ತಮ್ಮ ಬೆರಳುಗಳನ್ನು ಚಾಚಿದಾಗ ಅವು ನರಕೋಶಗಳ ನಡುವೆ ತೂರಿ ಸಂಪರ್ಕ ಕಡಿಯುತ್ತವೆ. ಹಿಂದಕ್ಕೆಳೆದುಕೊಂಡಾಗ ಸಂಪರ್ಕ ಮತ್ತೆ ಕೂಡುತ್ತದೆ. ನಿದ್ರೆ, ಎಚ್ಚರ, ಗಮನ ಇವುಗಳ ಹಿಂದೆ ಇದೇ ಇರಬಹುದೆಂದು ಅವರ ಎಣಿಕೆ. ಪುರಾವೆ ಇರಲಿಲ್ಲ. ಸತ್ತ ಅಂಗಾಂಶದ ತೆಳು ಚೂರಿನಲ್ಲಿ ಚಲನೆಯನ್ನು ಕಾಣುವುದಾದರೂ ಹೇಗೆ? ಗ್ಲಿಯಾದ ಕೆಲಸವೇನೆಂದು ಪರೀಕ್ಷಿಸುವ ಸಾಧನ ತಮ್ಮ ಕಾಲದ ಶರೀರಶಾಸ್ತ್ರಜ್ಞರ ಕೈಯಲ್ಲಿಲ್ಲ ಎಂಬುದನ್ನು ಕಹಾಲ್ ಚೆನ್ನಾಗಿ ಬಲ್ಲವರಾಗಿದ್ದರು.

ಒಂದು ದಾರಿ, ಒಂದು ಊಹೆ. ಎರಡೂ ಒಬ್ಬನೇ ಮನುಷ್ಯನ ಮೇಜಿನಿಂದ ಒಂದು ವರ್ಷದ ಅಂತರದಲ್ಲಿ ಹೊರಬಂದವು. ಅವೆರಡೂ ಒಂದೇ ಜಾಗದಲ್ಲಿ ಸೇರಲು ಎಂಬತ್ತು ವರ್ಷ ಹಿಡಿಯಿತು.

ನೊಬೆಲ್ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲ ಪುಸ್ತಕಗಳಲ್ಲೂ ಇದೆ. 1906ರಲ್ಲಿ ಕಹಾಲ್ ಮತ್ತು ಗಾಲ್ಜಿ ಪ್ರಶಸ್ತಿಯನ್ನು ಹಂಚಿಕೊಂಡರು. ಗಾಲ್ಜಿ ತಮ್ಮ ಸ್ಟಾಕ್‌ಹೋಮ್ ಭಾಷಣವನ್ನು ಕಹಾಲರ ಸಿದ್ಧಾಂತದ ಖಂಡನೆಗೇ ಬಳಸಿದರು. ಗಾಲ್ಜಿಯವರ ಬಣ್ಣದಿಂದಲೇ ಗಾಲ್ಜಿಯವರ ನರಜಾಲದ ಕಲ್ಪನೆ ಬಿದ್ದುಹೋದದ್ದು ವಿಧಿಯ ಚೋದ್ಯ. ಆದರೂ ಗ್ಲಿಯಾ ವಿಷಯದಲ್ಲಿ ಗಾಲ್ಜಿಯವರಿಗೂ ಪಾಲು ಸಲ್ಲಬೇಕು. ಈ ಕೋಶಗಳು ಒಂದು ಕಡೆ ರಕ್ತನಾಳವನ್ನು ಮುಟ್ಟುತ್ತವೆ ಎಂದು ತೋರಿಸಿ, ನರಕೋಶಕ್ಕೆ ಆಹಾರ ಸಾಗಿಸುವ ಕೆಲಸ ಅವುಗಳದ್ದಿರಬಹುದೆಂದು ಹೇಳಿದವರು ಅವರು.

1907ರಲ್ಲಿ ಸ್ಪೇನ್ ಸರ್ಕಾರ ತನ್ನ ಪ್ರತಿಭಾವಂತ ಯುವಕರನ್ನು ವಿದ್ಯಾರ್ಥಿವೇತನ ಕೊಟ್ಟು ಹೊರದೇಶಗಳಿಗೆ ಕಳುಹಿಸಲು ಒಂದು ಮಂಡಳಿ ರಚಿಸಿತು. ಅದರ ಅಧ್ಯಕ್ಷರಾದವರು ಕಹಾಲ್. ಶಿಕ್ಷಣ ಮಂತ್ರಿಯ ಪದವಿಯನ್ನು ಒಲ್ಲೆನೆಂದವರು ಈ ಕೆಲಸವನ್ನು ಮಾತ್ರ ವರ್ಷಗಟ್ಟಲೆ ನಡೆಸಿದರು. ಪ್ರಯೋಗಾಲಯದ ನಿರ್ದೇಶಕರಾದಾಗ ತಮಗೆ ಗೊತ್ತುಮಾಡಿದ ಸಂಬಳ ಹೆಚ್ಚಾಯಿತೆಂದು ಇಳಿಸಿಕೊಂಡದ್ದೂ ಇದೇ ಮನುಷ್ಯ. ವಿದ್ಯಾರ್ಥಿವೇತನ ಹಂಚುವ ಹೊಣೆ ಹೊತ್ತ ನಮ್ಮಂಥ ಸಂಘಗಳಲ್ಲಿ ಇರುವವರು ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದುವುದು ಲೇಸು.

ಅರವತ್ತು ದಾಟಿದ ಮೇಲೆ, 1913ರಲ್ಲಿ, ಚಿನ್ನದ ಕ್ಲೋರೈಡ್ ಮತ್ತು ಪಾದರಸದ ಕ್ಲೋರೈಡ್ ಬಳಸಿ ಗ್ಲಿಯಾವನ್ನೇ ಆರಿಸಿ ಬಣ್ಣ ಹಿಡಿಸುವ ಹೊಸ ವಿಧಾನವನ್ನು ಅವರು ಕಂಡುಹಿಡಿದರು. ನಕ್ಷತ್ರದಾಕಾರದ ಕೋಶಗಳು, ಅಂದರೆ ಆಸ್ಟ್ರೋಸೈಟುಗಳು, ನೇರಳೆ ಬಣ್ಣದಲ್ಲಿ ಸ್ಪಷ್ಟವಾಗಿ ಮೂಡಿದವು. ಅವುಗಳ ಒಂದು ಪಾದ ರಕ್ತನಾಳದ ಮೇಲೆ, ಉಳಿದ ಕವಲುಗಳು ನರಕೋಶದ ಸುತ್ತ. ಈ ಕೋಶಗಳು ಗ್ರಂಥಿಗಳಂತೆ ಏನನ್ನೋ ಸ್ರವಿಸುತ್ತಿರಬಹುದೆಂದು ಫ್ರಾನ್ಸಿನ ಜಾನ್ ನಾಜೊಟ್ 1910ರಲ್ಲೇ ಹೇಳಿದ್ದರು. ಕಹಾಲರ ಶಿಷ್ಯ ನಿಕೊಲಾಸ್ ಅಚುಕಾರೊ ಆ ಆಲೋಚನೆಯನ್ನು ಬೆಳೆಸುತ್ತಿದ್ದಾಗಲೇ 1918ರಲ್ಲಿ ಎಳೆಯ ವಯಸ್ಸಿನಲ್ಲಿ ತೀರಿಕೊಂಡರು.

ಚಿನ್ನದ ಬಣ್ಣಕ್ಕೆ ಕವಲುಗಳನ್ನು ತೋರದ ಸಣ್ಣ ಕೋಶಗಳೂ ಇದ್ದವು. ಕಹಾಲ್ ಅವನ್ನು ಮಿದುಳಿನ ಮೂರನೆಯ ಘಟಕವೆಂದು ಕರೆದು ಬಿಟ್ಟರು. ಇನ್ನೊಬ್ಬ ಶಿಷ್ಯ ಪಿಯೊ ಡೆಲ್ ರಿಯೊ ಹೊರ್ಟೆಗಾ ಹೊಸದೊಂದು ಬೆಳ್ಳಿಯ ವಿಧಾನದಿಂದ, ಆ ಗುಂಪಿನಲ್ಲಿ ಎರಡು ಬೇರೆ ಬೇರೆ ಜಾತಿಯ ಕೋಶಗಳಿವೆ ಎಂದು ತೋರಿಸಿದರು. ಅವೇ ಇಂದಿನ ಮೈಕ್ರೋಗ್ಲಿಯಾ ಮತ್ತು ಆಲಿಗೋಡೆಂಡ್ರೋಗ್ಲಿಯಾ. ಗುರುವಿಗೆ ಇದನ್ನು ಪೂರ್ತಿಯಾಗಿ ಒಪ್ಪಲು ಮನಸ್ಸಾಗಲಿಲ್ಲ. ಪ್ರಯೋಗಾಲಯದೊಳಗಿನ ಚಾಡಿ ಮಾತುಗಳೂ ಸೇರಿ 1920ರಲ್ಲಿ ಶಿಷ್ಯ ಹೊರಹೋಗಬೇಕಾಯಿತು. ಗೊತ್ತಿದ್ದೂ ಈ ಭಾಗವನ್ನು ಬಿಟ್ಟು ಬರೆಯುವುದು ಸರಿಯಲ್ಲ. ಈ ವಿಷಯದಲ್ಲಿ ಶಿಷ್ಯನ ಕಣ್ಣೇ ಹೆಚ್ಚು ಚುರುಕಾಗಿತ್ತು.

1934ರ ಅಕ್ಟೋಬರ್ 17ರಂದು ಕಹಾಲ್ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಎರಡು ವರ್ಷದೊಳಗೆ ಅಂತರ್ಯುದ್ಧ ಹೊತ್ತಿ ಅವರು ಕಟ್ಟಿದ ಶಿಷ್ಯವರ್ಗ ಚದುರಿಹೋಯಿತು. ಹೊರ್ಟೆಗಾ 1945ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ಕೊನೆಯುಸಿರೆಳೆದರು.

ಗ್ಲಿಯಾದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಿಟ್ಯುಟರಿಯ ಹಿಂಭಾಗದಲ್ಲಿ ನರತಂತುಗಳ ತುದಿಗಳ ನಡುವೆ ತುಂಬಿಕೊಂಡಿರುವ ಗ್ಲಿಯಾ ಕೋಶಗಳಿಗೆ 1930ರಲ್ಲಿ ಅಮೆರಿಕದ ಪಾಲ್ ಬ್ಯೂಸಿ ಪಿಟ್ಯುಸೈಟ್ ಎಂದು ಹೆಸರಿಟ್ಟರು. ಆ ದಶಕದಲ್ಲಿ ಕೆಲವರು ಹಾರ್ಮೋನನ್ನು ತಯಾರಿಸುವುದೇ ಈ ಕೋಶಗಳು ಎಂದು ನಂಬಿದರು! ಗೋಂದಿಗೆ ಇದ್ದಕ್ಕಿದ್ದಂತೆ ಪಟ್ಟ ಕಟ್ಟಿದಂತಾಯಿತು. ಪಟ್ಟ ಬಹಳ ಕಾಲ ನಿಲ್ಲಲಿಲ್ಲ. ನರಕೋಶಗಳೂ ಸ್ರವಿಸಬಲ್ಲವು ಎಂದು ಅರ್ನ್‌ಸ್ಟ್ ಶಾರರ್ 1928ರಲ್ಲಿ ಮೀನುಗಳನ್ನು ನೋಡಿ ಹೇಳಿದ್ದರು. 1949ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಬಾರ್ಗ್‌ಮನ್ ಒಂದು ವಿಶೇಷ ಬಣ್ಣದಿಂದ ಆ ಸ್ರಾವವನ್ನು ಹೈಪೊಥಲಾಮಸ್‌ನ ನರಕೋಶಗಳಿಂದ ಪಿಟ್ಯುಟರಿಯವರೆಗೆ ಹಿಂಬಾಲಿಸಿ ತೋರಿಸಿದರು. ಕಹಾಲ್ 1894ರಲ್ಲಿ ಬರೆದಿಟ್ಟ ದಾರಿಯೇ ಅದು. ರಕ್ತದಲ್ಲಿ ಲವಣಾಂಶ ತುಸು ಏರಿದರೂ ಹಾರ್ಮೋನು ಬಿಡುಗಡೆಯಾಗುತ್ತದೆ ಎಂದು ಇಂಗ್ಲೆಂಡಿನ ಅರ್ನೆಸ್ಟ್ ವರ್ನಿ 1947ರಲ್ಲಿ ವಿವರಿಸಿದ್ದರು, ಅದೂ ಕ್ರೂನಿಯನ್ ಉಪನ್ಯಾಸದಲ್ಲೇ. ಇದರೊಂದಿಗೆ ಪಿಟ್ಯುಸೈಟುಗಳು ಮತ್ತೆ ಮೂಲೆಗುಂಪಾದವು.

1970ರ ದಶಕದ ಕೊನೆಯಿಂದ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರವನ್ನು ಬದಲಿಸಿತು. ಅಮೆರಿಕದಲ್ಲಿ ಗ್ಲೆನ್ ಹ್ಯಾಟನ್, ಫ್ರಾನ್ಸಿನ ಬೋರ್ಡೊದಲ್ಲಿ ಡಯೊನಿಸಿಯಾ ಥಿಯೊಡೋಸಿಸ್ ಮತ್ತು ಡೊಮಿನಿಕ್ ಪೂಲನ್ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಇಲಿಗೆ ನೀರು ಸಾಕಷ್ಟಿದ್ದಾಗ ಆಸ್ಟ್ರೋಸೈಟುಗಳ ತೆಳ್ಳನೆಯ ಹಾಳೆಗಳು ವಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್ ತಯಾರಿಸುವ ನರಕೋಶಗಳ ನಡುವೆ ಪರದೆಯಂತೆ ನಿಂತಿರುತ್ತವೆ. ಕೆಳಗೆ ಪಿಟ್ಯುಟರಿಯಲ್ಲಿ ಪಿಟ್ಯುಸೈಟುಗಳು ನರದ ತುದಿಗಳನ್ನು ತಬ್ಬಿಕೊಂಡು, ತುದಿಗೂ ರಕ್ತನಾಳಕ್ಕೂ ನಡುವೆ ಅಡ್ಡ ಕುಳಿತಿರುತ್ತವೆ. ನೀರು ತಪ್ಪಿಸಿ ಇಲಿಗೆ ಬಾಯಾರಿಕೆಯಾಗುವಂತೆ ಮಾಡಿದರೆ ಈ ಪರದೆಗಳು ಸರಿಯುತ್ತವೆ. ನರಕೋಶಗಳು ಪರಸ್ಪರ ನೇರವಾಗಿ ತಾಗುತ್ತವೆ. ಪಿಟ್ಯುಸೈಟು ಹಿಂದೆ ಸರಿದು ಜಾಗ ಬಿಟ್ಟಾಗ ನರದ ತುದಿಗಳು ರಕ್ತನಾಳದ ಗೋಡೆಗೆ ಹೆಚ್ಚು ಹೆಚ್ಚಾಗಿ ತಾಗಿ, ಹಾರ್ಮೋನು ರಕ್ತಕ್ಕೆ ಇಳಿಯುವುದು ಸುಲಭವಾಗುತ್ತದೆ. ಮರಿಗಳಿಗೆ ಹಾಲೂಡುವ ತಾಯಿ ಇಲಿಯಲ್ಲೂ ಹೀಗೆಯೇ. ಹಾಲು ಇಳಿಸುವ ಆಕ್ಸಿಟೋಸಿನ್ ಅದೇ ದಾರಿಯಲ್ಲಿ ಬರುತ್ತದೆ ತಾನೆ?

ಪರದೆ ಸರಿದಾಗ ಇನ್ನೊಂದು ಪರಿಣಾಮವೂ ಇದೆ. ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಗುಡಿಸಿ ತೆಗೆಯುವವರು ಆಸ್ಟ್ರೋಸೈಟುಗಳು. ಅವು ದೂರ ಸರಿದಾಗ ಗ್ಲುಟಮೇಟ್ ಹೆಚ್ಚು ಹೊತ್ತು ಉಳಿದು ನರಕೋಶಗಳ ನಡುವಿನ ಸಂದೇಶದ ಬಲವೇ ಬದಲಾಗುತ್ತದೆ ಎಂದು ಬೋರ್ಡೊ ತಂಡ 2001ರಲ್ಲಿ ತೋರಿಸಿತು.

ಇನ್ನು ನೀರು ಹೆಚ್ಚಾದಾಗ? ರಕ್ತ ತೆಳುವಾದರೆ ಆ ಭಾಗದ ಗ್ಲಿಯಾ ಕೋಶಗಳು ನೀರು ಕುಡಿದು ಉಬ್ಬಿ, ತಮ್ಮೊಳಗೆ ಸಂಗ್ರಹಿಸಿಟ್ಟ ಟಾರಿನ್ ಎಂಬ ಅಮೈನೊ ಆಮ್ಲವನ್ನು ಹೊರಬಿಡುತ್ತವೆ. ಟಾರಿನ್ ವಾಸೊಪ್ರೆಸಿನ್ ನರಕೋಶಗಳಿಗೆ ಲಗಾಮು ಹಾಕುತ್ತದೆ. ಹಾರ್ಮೋನು ಇಳಿಯುತ್ತದೆ, ಮೂತ್ರಪಿಂಡ ನೀರನ್ನು ಹೊರಬಿಡುತ್ತದೆ. ಫ್ರಾನ್ಸಿನಲ್ಲಿ ನಿಕೊಲಾ ಯುಸಿ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಇದನ್ನು ಇಲಿಗಳಲ್ಲಿ ಕಂಡುಕೊಂಡರು. ಗ್ಲಿಯಾ ಸ್ರವಿಸುತ್ತದೆ ಎಂಬ ನಾಜೊಟ್ ಮತ್ತು ಅಚುಕಾರೊ ಅವರ ಮಾತೂ ಹೀಗೆ ಬಳಸುದಾರಿಯಲ್ಲಿ ನಿಜವಾಯಿತು.

ಕಹಾಲರ 1895ರ ಊಹೆಯನ್ನು ಈಗ ಮತ್ತೊಮ್ಮೆ ನೋಡಿ. ಬೆರಳು ಚಾಚುವುದು, ಹಿಂದಕ್ಕೆಳೆಯುವುದು, ಅದರಿಂದ ಸಂಪರ್ಕ ಬದಲಾಗುವುದು ಇಷ್ಟೂ ಕಣ್ಣಿಗೆ ಕಂಡವು. ಅವರು ಅದನ್ನು ನಿದ್ರೆ ಮತ್ತು ಗಮನಕ್ಕೆ ಹೊಂದಿಸಿದ್ದರು. ಪುರಾವೆ ಮೊದಲು ಸಿಕ್ಕಿದ್ದು ಬಾಯಾರಿಕೆಯಲ್ಲಿ ಮತ್ತು ತಾಯಿಹಾಲಿನಲ್ಲಿ, ಅವರೇ ಒಂದು ವರ್ಷ ಮೊದಲು ಗುರುತಿಸಿದ್ದ ದಾರಿಯ ಎರಡು ತುದಿಗಳಲ್ಲಿ. ಬಾಯಾರಿದ ಇಲಿಗೆ ಮತ್ತೆ ನೀರು ಕೊಟ್ಟಾಗ ಗ್ಲಿಯಾದ ಹಾಳೆಗಳು ಹಿಂದಿರುಗಿ ಬಂದು ನರಕೋಶಗಳ ನಡುವೆ ತಮ್ಮ ಜಾಗ ಹಿಡಿಯುತ್ತವೆ.